ಅರಸಿನದ ಹೆಬ್ಬೆರಳು

ಜಯಲತಾ ಕಳ್ಳರನ್ನು ಹಿಡಿದು ಸಂಬಳ ಪಡೆಯುವವಳು ಎಂಬುದು ಡೊಂಬಿವಲಿಯ ಅವಳ ಸೊಸೈಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ‘ಖಾರಘರದಲ್ಲಿ ಆಫೀಸು’ ಎನ್ನುತ್ತಿದ್ದಳು, ಅವರಿಗೆ ಅಷ್ಟು ಸಾಕಾಗುತ್ತಿತ್ತು. ಅಲ್ಲಿಂದ ಮೂರು ತಿಂಗಳಿಗೊಮ್ಮೆ ಹೊರಡುವ, ವಲಸೆ ಕಾರ್ಮಿಕರ ಕುರಿತಾದ ಇಂಗ್ಲಿಷ್ ಸಂಶೋಧನಾ ಪತ್ರಿಕೆಗೆ ಅವಳು ಸಹಾಯಕ ಸಂಪಾದಕಿ. ಬಂದ ಲೇಖನದಲ್ಲಿ ಸ್ವಂತದ್ದೆಷ್ಟು, ಎತ್ತಿದ್ದೆಷ್ಟು ಎಂದು ಮೊದಲು ಜಾಲಾಡುವುದು ಅವಳ ಕೆಲಸ. ಕಾಲೇಜು ಅಧ್ಯಾಪಕರ ಬಡ್ತಿಗೆ ಇಂತಿಷ್ಟು ಲೇಖನ ಪ್ರಕಟವಾಗಿರಬೇಕು ಎಂಬ ನಿಯಮ ಬಂದಮೇಲಂತೂ ಬೆಳಗಿನ ಲೋಕಲಿಗೆ ಜನ ನುಗ್ಗಿದ ಹಾಗೆ ಲೇಖನಗಳು ನುಗ್ಗುತ್ತಿದ್ದವು. ನುಗ್ಗಿದವರೆಲ್ಲ ಟಿಕೆಟ್ ತೆಗೆದಿರುತ್ತಾರೆಯೇ?

೨೦೧೩ರ ನವೆಂಬರಿನಲ್ಲಿ ಠಾಣೆಯ ಕಾಲೇಜೊಂದರ ಉಪನ್ಯಾಸಕ ಡಾ. ಮನೀಷ್ ಸಾಲ್ಯಾನ್ ಅವರ ಲೇಖನ ಬಂತು. ಐವತ್ತರ ದಶಕದಲ್ಲಿ ಕರಾವಳಿಯಿಂದ ಬಂದ ಹೋಟೆಲಿನ ಅಡುಗೆಯವರು ಓದುಬರಹ ಬಾರದೆ, ಬೇರೆಯವರ ಕೈಯಲ್ಲಿ ಊರಿಗೆ ಪತ್ರ ಬರೆಸುತ್ತಿದ್ದರಲ್ಲ, ಅದರ ಬಗ್ಗೆ. ಕೃತಿಚೌರ್ಯ ಹುಡುಕುವ ಸಾಫ್ಟ್‌ವೇರು ಶೇಕಡಾ ಆರು ಹೋಲಿಕೆ ಎಂದಿತು. ಆರು ಎಂದರೆ ಚೊಕ್ಕ ಚಿನ್ನ. ಖುಷಿಯಿಂದಲೇ ಓದತೊಡಗಿದ ಜಯಲತಾಳಿಗೆ ಎರಡನೆಯ ಪುಟದಲ್ಲಿ ಏನೋ ಪರಿಚಿತವೆನಿಸಿತು. ಒಂಬತ್ತನೆಯ ಪುಟಕ್ಕೆ ಬಂದು ಪೆನ್ಸಿಲ್ ಕೆಳಗಿಟ್ಟಳು. ಪತ್ರ ಮುಗಿದ ಮೇಲೆ ಅಡುಗೆಯವನು ಅರಸಿನದಲ್ಲಿ ಹೆಬ್ಬೆರಳು ಅದ್ದಿ ಕೆಳಗೆ ಒತ್ತುತ್ತಿದ್ದನಂತೆ. ಅಕ್ಷರ ಬೇರೆಯವರದು, ಬೆರಳು ತನ್ನದು. ಊರಿನಲ್ಲಿ ತಾಯಿ ಮೊದಲು ಆ ಹಳದಿ ಗುರುತನ್ನು ನೋಡಿ, ಆಮೇಲೆ ಪತ್ರ ಓದಿಸುತ್ತಿದ್ದಳಂತೆ. ವಿಠ್ಠಲವಾಡಿಯ ಮೂವರು ಹಳೆಯ ಅಡುಗೆಯವರು ಇದನ್ನು ಸಂದರ್ಶನದಲ್ಲಿ ತನಗೆ ಹೇಳಿದರು ಎಂದು ಮನೀಷ್ ಬರೆದಿದ್ದರು.

ಯಾರೂ ಹೇಳಿರಲು ಸಾಧ್ಯವಿರಲಿಲ್ಲ. ಅದು ನಡೆದೇ ಇರಲಿಲ್ಲ. ಅದನ್ನು ಕಟ್ಟಿದವಳು ಸ್ವತಃ ಜಯಲತಾ.

ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಡೊಂಬಿವಲಿಯ ಕನ್ನಡ ಸಂಘವೊಂದರ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಚೆನ್ನಯ ಮಾಸ್ಟ್ರು ಒಂದು ಲೇಖನ ಕೊಟ್ಟಿದ್ದರು. ಅವರು ಠಾಣೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಭಾನುವಾರಗಳಲ್ಲಿ ಅಡುಗೆಯವರಿಗೆ ಸಾಲುಸಾಲು ಪತ್ರ ಬರೆದುಕೊಟ್ಟವರು. ಲೇಖನವೂ ಅದರ ಕುರಿತೇ. ಕರಡು ತಿದ್ದುವ ಕೆಲಸ ಅವರ ಶಿಷ್ಯೆ, ಬಿ.ಎ. ಓದುತ್ತಿದ್ದ ಜಯಲತಾಳದು. ಕಲ್ಯಾಣದ ಪ್ರೆಸ್ಸಿನಲ್ಲಿ ನೋಡಿದರೆ ಹಸ್ತಪ್ರತಿಯ ಕೊನೆಯ ಹಾಳೆಯೇ ಇಲ್ಲ. ಮಾಸ್ಟ್ರು ಮದುವೆಗೆಂದು ಮೂಲ್ಕಿಗೆ ಹೋಗಿದ್ದರು. ಪ್ರೆಸ್ಸಿನವನು ‘ಆಜ್ ನಹೀ ದಿಯಾ ತೋ ಫಂಕ್ಷನ್ ಕೆ ಬಾದ್ ಮಿಲೇಗಾ’ ಎಂದು ಗಡಿಯಾರ ತೋರಿಸಿದ; ಇವತ್ತೇ ಕೊಡದಿದ್ದರೆ ಸಂಚಿಕೆ ಸಿಗುವುದು ಸಮಾರಂಭ ಮುಗಿದ ಮೇಲೆಯೇ. ಇಪ್ಪತ್ತರ ಹುಡುಗಿಗೆ ಧೈರ್ಯಕ್ಕೇನು ಬರ? ಅಲ್ಲೇ ಸ್ಟೂಲಿನ ಮೇಲೆ ಕೂತು ನಾಲ್ಕು ಸಾಲು ಗೀಚಿ ಲೇಖನ ಮುಗಿಸಿಬಿಟ್ಟಳು. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಮದುವೆಯಾಯಿತು, ಮಗಳಾದಳು, ತಲೆಗೂದಲು ನೆರೆಯಿತು. ಹೇಳಲಿಲ್ಲ.

ಪ್ರಧಾನ ಸಂಪಾದಕ ಶೇಖರ ಹಿರೇಮಠರು ಧಾರವಾಡದ ಕಡೆಯವರು, ನಿಧಾನಸ್ಥರು. ಜಯಲತಾ ಮನೆಯಿಂದ ತಂದ ಸ್ಮರಣ ಸಂಚಿಕೆಯನ್ನೂ ಲೇಖನವನ್ನೂ ಮುಂದಿಟ್ಟುಕೊಂಡು ಒಂದು ಇಡೀ ಮಧ್ಯಾಹ್ನ ಕೂತರು.

“ಮಾತು ಬ್ಯಾರೆ, ಕ್ರಮ ಬ್ಯಾರೆ. ಸಂಗತಿ ಅಷ್ಟ ಒಂದ ಐತ್ರಿ. ಕನ್ನಡದಿಂದ ಇಂಗ್ಲಿಷಿಗೆ ಎತ್ತಿದ್ರ ಆ ಮಶೀನಿಗೆ ಏನ್ ತಿಳೀತೈತಿ? ಆದ್ರ ನಾವು ಸಿಟ್ಟಿಗೆದ್ದು ಕಳ್ಳ ಅನ್ನೂದು ಬ್ಯಾಡ. ಮೊದಲ ಅವರನ್ನ ಕೇಳೂಣು” ಎಂದರು.

ಕೇಳಿದರು. ಮನೀಷರ ಉತ್ತರ ಮೂರೇ ದಿನದಲ್ಲಿ ಬಂತು. ‘ಅದೇ ಅಡುಗೆಯವರು ಹಿಂದೆ ಆ ಮಾಸ್ಟ್ರಿಗೂ ಹೇಳಿರಬಹುದು, ನನಗೂ ಹೇಳಿದ್ದಾರೆ. ನಡೆದ ಸಂಗತಿ ಯಾರಪ್ಪನ ಆಸ್ತಿಯೂ ಅಲ್ಲ’ ಎಂದು ವಿನಯದಿಂದ ಬರೆದಿದ್ದರು.

“ಇದಕ್ಕೇನ್ ಹೇಳ್ತೀರಿ?” ಎಂದರು ಶೇಖರರು.

ಹೇಳಲು ಒಂದೇ ಮಾತಿತ್ತು. ಅದು ನಡೆದದ್ದಲ್ಲ, ನಾನು ಕಟ್ಟಿದ್ದು ಎಂಬುದು. ಹೇಳಿದರೆ ಮನೀಷ್ ಸಿಕ್ಕಿಬೀಳುತ್ತಾರೆ, ಜೊತೆಗೆ ತಾನೂ. ಇಷ್ಟು ವರ್ಷ ಊರವರ ಲೇಖನಗಳ ಪ್ರಾಮಾಣಿಕತೆ ಅಳೆದವಳ ಪ್ರಾಮಾಣಿಕತೆ ಹೊರಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾಸ್ಟ್ರು ಬದುಕಿನಲ್ಲಿ ಬರೆದ ಒಂದೇ ಒಂದು ಲೇಖನಕ್ಕೆ ಮಸಿ ಬಳಿದಂತಾಗುತ್ತದೆ. ಎಂಬತ್ತೆರಡು ವಯಸ್ಸಿನ ಆ ಜೀವದ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

“ಸೋಮವಾರ ಹೇಳ್ತೇನೆ ಸರ್” ಎಂದು ಎದ್ದಳು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಭಾನುವಾರ ಬೆಳಿಗ್ಗೆ ಮಾಸ್ಟ್ರ ಮನೆಗೆ ಹೋದಳು. ಅವರ ಹೆಂಡತಿ ದಮಯಂತಿ ಬಾಗಿಲು ತೆರೆದು, ಕೂರಿಸಿ, ಚಹಾ ಇಡಲು ಒಳಗೆ ಹೋದರು. ಜಯಲತಾ ಪೀಠಿಕೆ ಹಾಕಲಿಲ್ಲ. ಮನೀಷರ ಲೇಖನ, ಕಾಣೆಯಾದ ಹಾಳೆ, ತಾನು ಕಟ್ಟಿದ ನಾಲ್ಕು ಸಾಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿ ಕೂತಳು.

ಮಾಸ್ಟ್ರು ಗೋಡೆ ಹಿಡಿದು ಎದ್ದು, ಕಪಾಟಿನಿಂದ ತಮ್ಮ ಸ್ಮರಣ ಸಂಚಿಕೆ ತೆಗೆದು ಅವಳ ಮಡಿಲಲ್ಲಿಟ್ಟರು. ಕೊನೆಯ ಪುಟದಲ್ಲಿ ಆ ನಾಲ್ಕು ಸಾಲುಗಳ ಪಕ್ಕ ಕೆಂಪು ಶಾಯಿಯ ಗೆರೆ ಇತ್ತು. ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಇದು ನನ್ನದಲ್ಲ. ಜಯಲತಾ ಬರೆದದ್ದು. ೧೭-೧೨-೧೯೯೧.’

“ನಾನು ಊರಿಂದ ಬಂದ ದಿನವೇ ಪ್ರೆಸ್ಸಿನವ ಹೇಳಿದ್ದ ಮಾರಾಯ್ತಿ. ನನ್ನ ಹಾಳೆಯಲ್ಲಿ ಎಂತ ಇತ್ತು ಗೊತ್ತುಂಟಾ? ಅಂಚೆ ದರದ ಪಟ್ಟಿ. ಕಾರ್ಡಿಗೆ ಎಷ್ಟು, ಲಕೋಟೆಗೆ ಎಷ್ಟು ಅಂತ. ಅದನ್ನು ಯಾರು ಓದ್ತಾರೆ?”

“ಮತ್ತೆ ನೀವು ನನ್ನನ್ನು ಬೈಯಲೇ ಇಲ್ಲ ಮಾಸ್ಟ್ರೇ?”

“ಬೈಲಿಕ್ಕೆ ಅಂತಲೇ ಇದ್ದೆ. ಅಷ್ಟರಲ್ಲಿ ಸಂಘದವರು ಶಾಲು ಹೊದೆಸಿದರು. ಎಲ್ಲರೂ ಹೊಗಳಿದ್ದು ಆ ಅರಸಿನದ ಬೆರಳನ್ನೇ. ಕಲ್ಯಾಣದಲ್ಲೊಂದು ಶಾಲು, ಠಾಣೆಯಲ್ಲೊಂದು ಶಾಲು. ಹೋದಲ್ಲೆಲ್ಲ ಹೇಳುವ ಅಂತ ಎದ್ದು ನಿಲ್ತಿದ್ದೆ. ನಮಸ್ಕಾರ ಹೇಳಿ ಕೂತುಬಿಡ್ತಿದ್ದೆ.” ಅವರ ದನಿ ಸಣ್ಣದಾಯಿತು. “ಆ ಹುಡುಗ ಮೊನ್ನೆ ಕದ್ದದ್ದು. ನಾನು ಇಪ್ಪತ್ತೆರಡು ವರ್ಷದಿಂದ ನಿನ್ನದನ್ನು ಇಟ್ಟುಕೊಂಡಿದ್ದೇನೆ. ನೀನು ಬಂದು ಕೇಳ್ತಿ ಅಂತ ಕಾಯ್ತಾ ಇದ್ದೆ.”

ಜಯಲತಾಳಿಗೆ ಅಳು ಬಂತು, ಅತ್ತಳು. ದಮಯಂತಿ ತಂದಿಟ್ಟ ಚಹಾ ಆರಿಹೋಯಿತು.

ಸೋಮವಾರ ಶೇಖರರು ಆ ಕೆಂಪು ಗೆರೆಯನ್ನು ನೋಡಿ, ಅವಳ ಮಾತು ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡರು. “ಇಪ್ಪತ್ತರ ವಯಸ್ಸಿನ ತಪ್ಪು ಇವತ್ತು ಒಪ್ಪಿದ್ರಿ. ಸಾಕ್ರಿ” ಎಂದಷ್ಟೇ ಹೇಳಿದರು. ನಡೆಯದೇ ಇದ್ದದ್ದನ್ನು ಮೂವರು ಹೇಗೆ ಹೇಳಿದರು, ಸಂದರ್ಶನದ ಧ್ವನಿಮುದ್ರಣ ಕಳಿಸಿ, ಎಂದು ಮನೀಷರಿಗೆ ಪತ್ರ ಹೋಯಿತು. ವಾರದ ಮೇಲೆ ಒಂದು ಸಾಲಿನ ಉತ್ತರ ಬಂತು: ಲೇಖನ ಹಿಂತೆಗೆದುಕೊಳ್ಳುತ್ತಿದ್ದೇನೆ. ಶೇಖರರು ಅಲ್ಲಿಗೆ ಬಿಡಲಿಲ್ಲ. ಗದ್ದಲ ಮಾಡದೆ, ದಾಖಲೆಗಳನ್ನೆಲ್ಲ ಜೋಡಿಸಿ ಕಾಲೇಜಿನ ಪ್ರಾಂಶುಪಾಲರಿಗೆ ಕಳಿಸಿದರು.

ಮುಂದಿನ ಸಂಚಿಕೆಗೆ ಮಾಸ್ಟ್ರ ಲೇಖನವನ್ನೇ ಇಂಗ್ಲಿಷಿಗೆ ತರುವುದೆಂದಾಯಿತು, ಅವರು ಮತ್ತೆ ಬರೆದುಕೊಟ್ಟ ಅಂಚೆ ದರದ ಪಟ್ಟಿ ಸಮೇತ. ಲೇಖಕರ ಹೇಳಿಕೆಯ ನಮೂನೆ ಹಿಡಿದು ಜಯಲತಾ ಮತ್ತೆ ಅವರ ಮನೆಗೆ ಹೋದಳು.

‘ಈ ಬರಹವೆಲ್ಲ ನನ್ನ ಸ್ವಂತದ್ದು’ ಎಂಬ ಸಾಲನ್ನು ಅವಳು ಕನ್ನಡದಲ್ಲಿ ಓದಿ ಹೇಳಿದಾಗ ಮಾಸ್ಟ್ರು ಪೆನ್ನು ಕೆಳಗಿಟ್ಟರು. “ಆ ನಾಲ್ಕು ಸಾಲು ತೆಗೀಬೇಡ. ಕೆಳಗೆ ನಿನ್ನ ಹೆಸರು ಹಾಕಿ, ಕಟ್ಟಿದ ಕತೆ ಅಂತ ಬರಿ. ಆಮೇಲೆ ರುಜು ಹಾಕ್ತೇನೆ.”

ಅವಳು ಹಾಗೆಯೇ ಟಿಪ್ಪಣಿ ಬರೆದಳು. ಅವರು ಅದನ್ನು ಎರಡು ಸಲ ಓದಿಸಿಕೊಂಡು ರುಜು ಹಾಕಿದರು. ಆಮೇಲೆ ಒಳಗಿನ ಕಡೆ ತಿರುಗಿ, “ಇವಳೇ, ಅರಸಿನದ ಡಬ್ಬಿ ತಾ” ಎಂದು ಕೂಗಿದರು. ದಮಯಂತಿ ಏನೂ ಅರ್ಥವಾಗದೆ ತಂದುಕೊಟ್ಟರು. ಮಾಸ್ಟ್ರು ಹೆಬ್ಬೆರಳು ಒದ್ದೆ ಮಾಡಿ, ಅರಸಿನದಲ್ಲಿ ಅದ್ದಿ, ರುಜುವಿನ ಕೆಳಗೆ ಒತ್ತಿದರು.

“ಒಬ್ಬನಾದರೂ ಮಾಡಿದ ಹಾಗಾಯ್ತಲ್ಲ” ಎಂದು ಮಕ್ಕಳ ಹಾಗೆ ನಕ್ಕರು.

ಆ ನಮೂನೆ ಈಗಲೂ ಖಾರಘರದ ಆಫೀಸಿನ ಕಡತದಲ್ಲಿದೆ. ಪಕ್ಕದ ಹಾಳೆಗೂ ಸ್ವಲ್ಪ ಹಳದಿ ತಗಲಿದೆ.