ಎಂಟು ಸೆಕೆಂಡ್

ನನ್ನ ಬಾಯಿ ಮೊದಲಿನಿಂದಲೂ ಕೆಟ್ಟದ್ದು. ಆ ಭಾನುವಾರ ಕೈಯೂ ಅದರ ಜೊತೆ ಸೇರಿಕೊಂಡಿತು.

ನನ್ನದು ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ಕಾರ್ ರ‍್ಯಾಲಿಯ ಕೊನೆಯ ಹಂತವನ್ನು ಅಲ್ಲೇ ಟಿವಿಯಲ್ಲಿ ನೋಡುತ್ತಿದ್ದೆ. ಈ ಹುಚ್ಚು ಹಿಡಿಸಿದ್ದು ನಮ್ಮಕ್ಕ. ಅವಳು ನೀರು ಸರಬರಾಜು ಕಚೇರಿಯ ಗುಮಾಸ್ತೆ. ಹನ್ನೆರಡು ವರ್ಷದಿಂದ ರಜೆ ಹಾಕಿ ಹೋಗಿ ರ‍್ಯಾಲಿಗಳಲ್ಲಿ ಸಮಯ ಬರೆಯುತ್ತಾಳೆ, ಅದೂ ಪುಕ್ಕಟೆ. ಮುಂದಿನ ತಿಂಗಳಿಂದ ಸಮಯದ ವಿಭಾಗಕ್ಕೆ ಅವಳೇ ಮುಖ್ಯಸ್ಥೆ ಅಂತ ಮಾತಾಗಿತ್ತು. ಅವಳನ್ನು ಯಾವಾಗಲೂ ಹಾಕುತ್ತಿದ್ದದ್ದು ನಡುವಿನ ಹಂತಗಳಿಗೆ.

ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದೊಂದಾಗಿ ಹೊರಡುತ್ತವೆ, ಕಡಿಮೆ ಹೊತ್ತಿನಲ್ಲಿ ಗುರಿ ಮುಟ್ಟಿದವನು ಗೆದ್ದ. ಟಿವಿಯಲ್ಲಿ ಸಮಯ ಕಾಣದಿದ್ದರೆ ನೋಡಲು ಉಳಿಯುವುದು ಬರೀ ಧೂಳು. ಅವತ್ತು ಎದುರಾಳಿಯ ಸಮಯ ಬಂದ ಮೇಲೆ ಗುರಿಯ ಬಳಿಯ ಯಂತ್ರ ಕೈಕೊಟ್ಟಿತು. ಅದು ಸಾಲದೆಂಬಂತೆ, ನಮ್ಮ ಮೆಚ್ಚಿನ ಚಾಲಕನ ಹಳದಿ ಕಾರು ಹೊರಡುವ ಹೊತ್ತಿಗೆ ಸರಿಯಾಗಿ ಪೇಸ್ಟಿನ ಜಾಹೀರಾತು! ಫೋನಿನಲ್ಲಿ ಅಭಿಮಾನಿಗಳ ಗುಂಪು ಕುದಿಯುತ್ತಿತ್ತು. "ಚಾನೆಲ್ ಮುಚ್ಕೊಂಡು ಮನೆಗೆ ಹೋಗ್ರೋ!" ಅಂತ ಒಬ್ಬ. "ಹಲ್ಲುಜ್ಜಿದ್ದು ಆಯ್ತಾ, ಈಗ ಕಾರು ತೋರಿಸ್ರಪ್ಪಾ" ಅಂತ ಇನ್ನೊಬ್ಬ.

ನಾನು ಮಹಾ ಜಾಣ. ಜಾಹೀರಾತು ಮುಗಿದು ಕಾರು ಹೊರಟಿದ್ದೇ ತಡ, ಅಕ್ಕ ಹಿಂದೆಂದೋ ಕೊಟ್ಟಿದ್ದ ಹಳೇ ಸ್ಟಾಪ್‌ವಾಚ್ ಒತ್ತಿದೆ. ಗುರಿ ಮುಟ್ಟಿದಾಗ ಮತ್ತೆ ಒತ್ತಿದೆ. ನಮ್ಮವನು ಮೂರು ಸೆಕೆಂಡಿನಿಂದ ಗೆದ್ದಿದ್ದ! ಸ್ವಲ್ಪ ಹೊತ್ತಿಗೆ, ಗುರಿಯಲ್ಲಿ ಕೂತವರು ಕೈಯಲ್ಲಿ ಬರೆದ ಸಮಯ ಬಂತು. ಐದು ಸೆಕೆಂಡಿನಿಂದ ಸೋತಿದ್ದ.

ಮೈಯೆಲ್ಲ ಉರಿದುಹೋಯಿತು. ವಾಚಿನ ಫೋಟೋ ಹೊಡೆದು, "ಇಲ್ಲಿದೆ ಅಸಲಿ ಸಮಯ. ಗುರಿಯಲ್ಲಿ ಕೂತೋರು ನಿದ್ದೆ ಹೊಡೀತಿದ್ರಾ, ದುಡ್ಡು ತಿಂದಿದ್ರಾ?" ಎಂದು ಬರೆದು ಹಾಕಿದೆ. ಸಂಜೆಯೊಳಗೆ ಒಂಬತ್ತು ಸಾವಿರ ಮೆಚ್ಚುಗೆ. ಜನ್ಮದಲ್ಲಿ ನನ್ನ ಮಾತನ್ನು ಅಷ್ಟು ಮಂದಿ ಕೇಳಿದ್ದೇ ಇಲ್ಲ.

ಆ ಖುಷಿಗೇ ಮರುಪ್ರಸಾರ ನೋಡಲು ಕೂತೆ. ಕಾರು ಹೊರಟಾಗ ಪರದೆಯ ಮೂಲೆಯ ಗಡಿಯಾರದ ಮೇಲೆ ಕಣ್ಣು ಬಿತ್ತು. ನಿಮಿಷ ದಾಟಿ ಎಂಟು ಸೆಕೆಂಡ್! ರ‍್ಯಾಲಿಯಲ್ಲಿ ಕಾರು ಬಿಡುವುದು ನಿಮಿಷದ ಸೊನ್ನೆಗೆ, ಒಂದು ಸೆಕೆಂಡೂ ಆಚೀಚೆ ಇಲ್ಲ. ಅಕ್ಕ ನನಗೆ ಹೇಳಿಕೊಟ್ಟ ಮೊದಲ ಪಾಠವೇ ಅದು. ಜಾಹೀರಾತಿನ ಸಲುವಾಗಿ ಚಾನೆಲಿನವರು ಹೊರಟಿದ್ದನ್ನು ತಡವಾಗಿ ತೋರಿಸಿದ್ದರು, ಮುಟ್ಟಿದ್ದನ್ನು ನೇರವಾಗಿ. ಆ ಎಂಟು ಸೆಕೆಂಡ್ ನುಂಗಿದ್ದು ನನ್ನ ವಾಚು.

ತಕ್ಷಣ ಅಳಿಸಬೇಕಿತ್ತು. ಅಳಿಸಲಿಲ್ಲ. ನಾಳೆ ನೋಡೋಣ ಅಂದುಕೊಂಡು ಮೆಚ್ಚುಗೆ ಎಣಿಸುತ್ತಾ ಮಲಗಿದೆ. ಥೂ, ನನ್ನ ಬಾಳಿಗಿಷ್ಟು.

ಬೆಳಗ್ಗೆ ಅಕ್ಕ ಅಂಗಡಿಗೆ ಬಂದಳು. ಕಣ್ಣು ಊದಿಕೊಂಡಿತ್ತು.

"ನಿನ್ನೆ ಕೊನೇ ಹಂತಕ್ಕೆ ನನ್ನನ್ನ ಹಾಕಿದ್ರು ಕಣೋ. ಅಲ್ಲಿರಬೇಕಾದೋರಿಗೆ ಜ್ವರ."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಯಾರೋ ನನ್ನ ನಂಬರ್ ಹಂಚಿದಾರೆ, ರಾತ್ರಿಯಿಂದ ಫೋನ್ ಮಾಡಿ ಬಯ್ತಿದಾರೆ. ಒಬ್ಬ ಆಫೀಸಿಗೇ ಬಂದು ಮುಖಕ್ಕೆ ಉಗೀತೀನಿ ಅಂದ. ಸಂಘಟಕರು ಕಾರಿನೊಳಗಿನ ಕ್ಯಾಮೆರಾ ನೋಡಿದ್ರು, ನಾನು ಬರೆದಿದ್ದೇ ಸರಿಯಂತೆ. ಆದ್ರೂ ಹೆಸರು ಹಾಳಾಗಿದೆಯಲ್ಲ, ಮುಖ್ಯಸ್ಥೆ ಕೆಲಸ ಬೇರೆಯವರಿಗೆ ಕೊಡ್ತೀವಿ ಅಂದ್ರು."

"ಅಕ್ಕಾ, ಅದನ್ನ ಹಾಕಿದ್ದು..."

"ಗೊತ್ತು. ಆ ವಾಚಿನ ಮೂಲೆ ಒಡೆದಿದ್ದು ನನ್ನ ಕೈಲೇ ಅಲ್ವಾ. ಫೋಟೋ ನೋಡಿದ ಕೂಡಲೇ ಗೊತ್ತಾಯ್ತು."

ಬಯ್ಯಲಿಲ್ಲ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳ ಎದುರೇ ಫೋಟೋ ಅಳಿಸಿ, ತಪ್ಪು ನನ್ನದು, ಎಂಟು ಸೆಕೆಂಡ್ ಹೀಗಾಯಿತು ಎಂದು ಇದ್ದದ್ದು ಇದ್ದಂತೆ ಬರೆದೆ. ಬಂದ ಮೊದಲ ಉತ್ತರ: "ನಿಂಗೆಷ್ಟು ಕೊಟ್ರು ಗುರೂ?" ಅಕ್ಕನೂ ಓದಿದಳು.

ಡ್ರಾಯರು ಎಳೆದು ವಾಚನ್ನು ಅವಳ ಮುಂದೆ ಇಟ್ಟೆ. "ತಗೋ ಅಕ್ಕಾ, ಇದು ನನ್ನ ಹತ್ರ ಇರೋದು ಬೇಡ."

ಅವಳು ಅದನ್ನು ನನ್ನ ಕಡೆಗೇ ತಳ್ಳಿದಳು.

"ನೀನೇ ಇಟ್ಕೋ. ನಂಗಿನ್ನು ಎಲ್ಲಿ ಬೇಕಾಗತ್ತೆ?"