ಉಮರಬ್ಬರ ಬಂಗುಡೆ ಏಲಂ

ಉಮರಬ್ಬರಿಗಿಂತ ಒಂದು ಹೆಜ್ಜೆ ಮುಂದೆ ಅವರ ಮೂಗು ನಡೆಯುತ್ತಿತ್ತು. ಕುದ್ರೋಳಿಯ ಯಾವ ಮನೆಯ ಒಲೆಯ ಮೇಲೆ ಬಂಗುಡೆ ಮೀನು ಕುದಿಯುತ್ತಿದೆ, ಆ ಮನೆಯಾಕೆ ಹುಳಿ ಹೆಚ್ಚು ಹಾಕಿದ್ದಾಳೋ ಕಡಿಮೆಯೋ ಎಂಬುದನ್ನು ರಸ್ತೆಯಲ್ಲಿ ನಿಂತೇ ನಿರ್ಣಯಿಸಿ, ತೃಪ್ತಿಯಾದರೆ ತಲೆದೂಗಿ, ಆಗದಿದ್ದರೆ ಆಕೆಯ ಗಂಡನ ದುರ್ದೈವಕ್ಕೆ ನಿಟ್ಟುಸಿರಿಟ್ಟು ಮುಂದೆ ಸಾಗುವರು. ಸುಡುಬಿಸಿಲಿನಲ್ಲೂ ಬಿಳಿ ಮುಂಡಿನ ಮೇಲೆ ಕರಿಯ ಕೋಟು, ಕಂಕುಳಲ್ಲಿ ಕೊಡೆ, ತುಸು ಬಲಕ್ಕೆ ವಾಲುವ ನಡಿಗೆ. ಬಂದರಿನಲ್ಲಿದ್ದ ಬಲೆ, ಹಗ್ಗಗಳ ಅವರ ಅಂಗಡಿಗೆ ನಾನು ಕೊಡಿಯಾಲ್‌ಬೈಲಿನ ಶಾಲೆಯ ಪಾಠ ಮುಗಿಸಿ ಹರಟೆಗೆಂದು ಹೋಗುತ್ತಿದ್ದೆ. ಮಾತು ಯಾವುದೇ ಇರಲಿ, "ಅದು ಉಂಟಲ್ಲ ಮಾಸ್ಟ್ರೇ" ಎಂದು ಆರಂಭವಾಗಿ ಹುಳಿ-ಮೆಣಸಿನ ಬಂಗುಡೆ ಸಾರು ಪುಳಿಮುಂಚಿಯಲ್ಲಿ ಮುಗಿಯುತ್ತಿತ್ತು.

ಇಂಥವರು ಬಂಗುಡೆ ಬಿಟ್ಟರೆಂಬ ಸುದ್ದಿ ಅರವತ್ತರ ದಶಕದ ಆರಂಭದಲ್ಲಿ ಹಬ್ಬಿದಾಗ ಬಂದರಿನಲ್ಲಿ ಒಬ್ಬನೂ ನಂಬಲಿಲ್ಲ. ನಾನಂತೂ ನಕ್ಕುಬಿಟ್ಟೆ.

ನಡೆದದ್ದು ಇಷ್ಟು. ಅವರ ಅಂಗಡಿಯಲ್ಲಿ ಹೊರೆ ಹೊರುತ್ತಿದ್ದ ಜಯ ಎಂಬಾತ ಕಿಡ್ನಿಯ ಕಾಯಿಲೆಯಿಂದ ಮೈಯೆಲ್ಲ ಊದಿಕೊಂಡು ಆಸ್ಪತ್ರೆ ಸೇರಿದ. ಉಪ್ಪು ಕಂಡರೆ ಸಾಕು, ವೈದ್ಯರು ಹೌಹಾರುವ ಕಾಯಿಲೆ ಅದು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದು ಉಮರಬ್ಬರ ಮನೆತನದಲ್ಲೇ ಇಲ್ಲ. ಅದರಲ್ಲೂ ರೋಗಿಯ ನಾಲಿಗೆಗೆ ಹಿತವಾದುದನ್ನೇ ಒಯ್ಯಬೇಕು. ಹೆಂಡತಿ ಐಸಮ್ಮನ ಕೈಯ ಪುಳಿಮುಂಚಿಯನ್ನು ಕೋಟಿನ ಮರೆಯಲ್ಲಿ ಒಯ್ದು, ಸಪ್ಪೆ ಗಂಜಿ ಕುಡಿದು ಬಸವಳಿದಿದ್ದ ಜಯನಿಗೆ ಪ್ರೀತಿಯಿಂದ ತಿನ್ನಿಸಿದರು. ಮರುದಿನ ಜಯನಿಗೆ ಉಸಿರಾಡಲೂ ಆಗಲಿಲ್ಲ. ಅವನ ಹೆಂಡತಿ ನಳಿನಾಕ್ಷಿ ಬೈಯಲಿಲ್ಲ, ಮಂಚದ ಸರಳು ಹಿಡಿದು ನಿಂತಿದ್ದಳಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಉಮರಬ್ಬರೇ ನನ್ನೆದುರು ಕಣ್ಣೀರಿಟ್ಟರು. ಜಯ ಉಪ್ಪು ತಿನ್ನುವ ದಿನದವರೆಗೆ ತಾನು ಬಂಗುಡೆ ಮುಟ್ಟುವುದಿಲ್ಲವೆಂದು ಆ ಮಂಚದ ಬಳಿಯೇ ಹರಕೆ ಹೊತ್ತಿದ್ದರು.

ಐಸಮ್ಮನಿಗೆ ಗಂಡನ ಹರಕೆಗಿಂತ ಗಂಡನ ನಾಲಿಗೆಯ ಮೇಲೆ ನಂಬಿಕೆ ಹೆಚ್ಚು. ಮುಂದಿನ ಶುಕ್ರವಾರ ಎಂದಿನಂತೆ ಮಣ್ಣಿನ ಪಾತ್ರೆಯಲ್ಲಿ ಪುಳಿಮುಂಚಿ ಅಂಗಡಿಗೆ ಬಂತು. ಜುಮ್ಮಾ ನಮಾಜು ಮುಗಿದ ಮೇಲೆ ಅಂಗಡಿಯ ಎದುರಿನ ಮಸೀದಿಯ ಅಂಗಳದಲ್ಲಿ ಹರಕೆಯ ಕೋಳಿ, ಮೊದಲ ಫಲದ ಹಲಸು ಹರಾಜಿಗೆ, ಅಂದರೆ ಏಲಂಗೆ, ಬರುವುದು ವಾಡಿಕೆ. ಉಮರಬ್ಬರು ಪಾತ್ರೆಯನ್ನು ನೋಡಿದರು, ಅಂಗಳದಿಂದ ಬರುತ್ತಿದ್ದ ಜನರನ್ನು ನೋಡಿದರು, ಅಂಗಡಿಯ ಜಗಲಿ ಹತ್ತಿ ನಿಂತೇಬಿಟ್ಟರು.

"ಕೇಳಿ ಮಾರಾಯ್ರೆ! ಇದು ಬೆಳಗಿನ ದೋಣಿಯ ಬಂಗುಡೆ. ಮೆಣಸು ಹುರಿದು ಅರೆದದ್ದು. ಇದರ ಗಸಿ ಉಂಟಲ್ಲ, ಬೆರಳಿಗೆ ಅಂಟಿದರೆ ಬೆರಳನ್ನೂ ಬಿಡ್ಲಿಕ್ಕೆ ಮನಸ್ಸಾಗುವುದಿಲ್ಲ. ನನಗೆ ಹರಕೆ ಉಂಟು, ನಿಮಗೆ ಎಂತ ಉಂಟು? ಬೆಲೆ ಕೂಗಿ! ದುಡ್ಡು ಕಿಡ್ನಿಯವರ ಮದ್ದಿಗೆ!"

ವರ್ಣಿಸುತ್ತ ವರ್ಣಿಸುತ್ತ ಅವರ ಬಾಯಲ್ಲೇ ನೀರೂರಿ ಮಾತು ತಡವರಿಸುತ್ತಿತ್ತು; ಆ ತಡವರಿಕೆಗೇ ಬೆಲೆ ಏರುತ್ತಿತ್ತು. ಬಾಯಿ ಚಪ್ಪರಿಸುವ ಈ ಹರಕೆಯವರನ್ನು ನೋಡಲಿಕ್ಕೆಂದೇ ಕದ್ರಿಯಿಂದ ಜನ ಇಳಿದು ಬರತೊಡಗಿದರು. ಹಂಚಿನ ವ್ಯಾಪಾರಿ ಸೆವರಿನ್ ಪೊರ್ಬುಗಳು ಪಾತ್ರೆ ಗೆದ್ದುಕೊಂಡು, "ಒಂದು ತುಂಡು ತಿನ್ನಿ ಬ್ಯಾರಿಗಳೇ, ನಾವು ಯಾರಿಗೂ ಹೇಳುವುದಿಲ್ಲ" ಎಂದು ಕೆಣಕುವರು. "ನೀವು ಹೇಳುವುದಿಲ್ಲ, ನನ್ನ ಮುಖ ಹೇಳ್ತದೆ" ಎಂದು ಇವರು ಆ ಕಡೆ ತಿರುಗಿ ನಿಲ್ಲುವರು. ಹೀಗೆ ವಾರವಾರ ನಡೆದ ಏಲಂನಿಂದ ಜಯನಿಗಷ್ಟೇ ಅಲ್ಲ, ಆ ವಾರ್ಡಿನ ಬೇರೆಯವರಿಗೂ ಮದ್ದು ಬಂತು. ಕೆಲವರು ರೈಲು ಹತ್ತಿ ವೆಲ್ಲೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು.

ಜಯ ಬದುಕಿದ. ದೀರ್ಘಕಾಲದ ಪಥ್ಯದ ನಂತರ ವೈದ್ಯರು ಉಪ್ಪಿಗೆ ಅಪ್ಪಣೆ ಕೊಟ್ಟ ವಾರವೇ ನಳಿನಾಕ್ಷಿ ಬಂಗುಡೆ ಮಾಡಿದಳು. ಗಂಡ ಹೆಂಡತಿ ಇಬ್ಬರೂ ಪಾತ್ರೆ ಹಿಡಿದು ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ.

"ಧಣಿಗಳೇ, ನಾನು ಉಪ್ಪು ತಿಂದೆ. ಇನ್ನು ನೀವು ತಿನ್ನಬೇಕು."

ಉಮರಬ್ಬರು ಮುಚ್ಚಳ ತೆಗೆದರು. ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದರು. ತಿನ್ನಲಿ ದೇವರೇ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ. ಕೈ ಪಾತ್ರೆಯ ತನಕ ಹೋಯಿತು, ಅಲ್ಲಿಯೇ ನಿಂತಿತು.

"ನೀನು ತಿಂದೆ ಜಯ, ನನಗೆ ಸಂತೋಷ. ಆದರೆ ಆಸ್ಪತ್ರೆಯಲ್ಲಿ ನಿನ್ನ ಪಕ್ಕದ ಮಂಚದಲ್ಲಿದ್ದನಲ್ಲ ಮುದ್ದು, ಅವನು ಇನ್ನೂ ಸಪ್ಪೆ ಗಂಜಿಯೇ ಕುಡೀತಾನಲ್ಲ ಮಾರಾಯ. ಅವನ ನಂತರ ಮತ್ತೊಬ್ಬ ಬರ್ತಾನೆ."

ಅಷ್ಟು ಹೇಳಿ, ಪಾತ್ರೆ ಎತ್ತಿಕೊಂಡು ಜಗಲಿ ಹತ್ತಿದರು. ಅಂದಿನ ಮೊದಲ ಕೂಗು ಜಯನದು.

ನನ್ನ ಊರಿನವರೆಂದು ಹೇಳಿಕೊಳ್ಳಲು ಹೆಮ್ಮೆಪಡುವ ಕೆಲವೇ ಜನರಲ್ಲಿ ಉಮರಬ್ಬರು ಒಬ್ಬರು. ಆಸೆಯನ್ನು ಗೆದ್ದವರಿಗೆ ಲೋಕ ಕೈ ಮುಗಿಯುತ್ತದೆ, ಮುಗಿಯಲಿ. ಇವರ ಜಾತಿಯೇ ಬೇರೆ. ಕೊನೆಯವರೆಗೂ ಆಸೆಗೆ ಸೋಲುತ್ತಲೇ, ಬಾಯಲ್ಲಿ ನೀರೂರಿಸಿಕೊಳ್ಳುತ್ತಲೇ, ತಮ್ಮ ತುತ್ತನ್ನು ಇನ್ನೊಬ್ಬರ ಎಲೆಗೆ ಬಡಿಸಿ, ಅವನು ಉಣ್ಣುವುದನ್ನು ಹಸಿದ ಕಣ್ಣುಗಳಿಂದ ನೋಡುತ್ತ ನಿಲ್ಲುವ ಜಾತಿ ಅದು.