ಕೌದಿಯ ಅಂಚಿನ ಹೆಸರು

“ಈಗ ವೆಂಡೆಲ್ ಅವರ ಹೆಂಡತಿ ಆರ್ಡಿಸ್ ಮಾತಾಡ್ತಾರೆ,” ಎಂದು ಪಾಸ್ಟರ್ ಟೊಲೆಫ್ಸನ್ ಮೈಕಿನಲ್ಲಿ ಹೇಳಿಯೇ ಬಿಟ್ಟರು.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಎರಡನೆಯ ಸಾಲಿನಲ್ಲಿದ್ದ ಡೆನೀಸ್ ಕೂಡ. ಡೆನೀಸ್ ಕೌಂಟಿ ಕಚೇರಿಯವಳು. ಸರ್ಕಾರದ ವೈದ್ಯಕೀಯ ನೆರವು ಯಾರಿಗೆ ಸಿಗಬೇಕು, ಯಾರಿಗೆ ಸಿಗಕೂಡದು ಎಂಬ ಕಡತಗಳೆಲ್ಲ ಅವಳ ಮೇಜನ್ನು ಹಾದೇ ಹೋಗಬೇಕು. ವೆಂಡೆಲ್‌ನ ಕಡತವೂ ಅಷ್ಟೆ. ಅದರಲ್ಲಿ ಅವನು ಒಂಟಿ ಗಂಡಸು.

ಆರ್ಡಿಸ್‌ಳ ಕೈಯಲ್ಲಿದ್ದ ಭಾಷಣದ ಕಾಗದ ಮುದುಡಿತು. ಪಾಸ್ಟರ್‌ಗೆ ಗೊತ್ತಿಲ್ಲದ ವಿಷಯವೇ ಇದು? ಮೂರು ವರ್ಷದ ಹಿಂದೆ ಇದೇ ಚರ್ಚಿನಲ್ಲಿ, ಸರ್ಕಾರದ ಒಂದು ಚೀಟಿಯೂ ಇಲ್ಲದೆ, ಇಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಿದವರು ಅವರೇ. “ದೇವರು ಲೈಸೆನ್ಸ್ ಕೇಳಲ್ಲ ಬಿಡಿ,” ಎಂದು ನಕ್ಕವರೂ ಅವರೇ. ಅಲ್ಲಿಂದೀಚೆಗೆ ಪ್ರತಿ ಭಾನುವಾರ ಗಂಡ ಹೆಂಡತಿ ಎಂದು ಕರೆದು ಕರೆದು ನಾಲಿಗೆಗೆ ಅದೇ ರೂಢಿಯಾಗಿತ್ತು. ಒಳ್ಳೆಯ ಮನುಷ್ಯ. ಆದರೆ ಬಾಯಿಗೆ ಬೀಗವಿಲ್ಲ.

ರಿಜಿಸ್ಟರ್ ಮದುವೆಯಾದರೆ ಟರ್ಕಿ ಕೋಳಿ ಮಾಂಸದ ಕಾರ್ಖಾನೆಯಿಂದ ಆರ್ಡಿಸ್‌ಗೆ ಬರುವ ಸಂಬಳ ವೆಂಡೆಲ್‌ನ ಆದಾಯಕ್ಕೆ ಸೇರುತ್ತದೆ, ನೆರವು ನಿಲ್ಲುತ್ತದೆ. ಮೈಯಲ್ಲಿ ಅರ್ಧಕ್ಕರ್ಧ ಸ್ವಾಧೀನ ತಪ್ಪಿದವನನ್ನು ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಸಂಜೆ ಮಲಗಿಸುವವರಿಗೆ ಕೊಡಲು ಆ ಸಂಬಳ ಯಾವ ಮೂಲೆಗೂ ಸಾಲದು. ಹಾಗಾದರೆ ಐವತ್ತು ಮೈಲಿ ಆಚೆಯ ನರ್ಸಿಂಗ್ ಹೋಮೇ ಅವನಿಗೆ ಗತಿ. ರಿಜಿಸ್ಟರ್ ಆಗದಿದ್ದರೂ ಊರ ಮುಂದೆ ಗಂಡ ಹೆಂಡತಿ ಅನ್ನಿಸಿಕೊಂಡರೆ ಸಾಕು, ಮದುವೆಯಾದ ಹಾಗೆಯೇ ಎನ್ನುತ್ತದೆ ನಿಯಮ. ಆ ನಿಯಮವನ್ನು ಬದಲಿಸುವ ಮಸೂದೆಯ ಬಗ್ಗೆ ಜನರ ಮಾತು ಕೇಳಲೆಂದೇ ಶಾಸಕಿ ಇವತ್ತು ಬಂದಿದ್ದರು. ಬಾಡಿಗೆಯವಳೆಂದು ಹೇಳಿಕೊಂಡು, ಮನೆ ಮಾಲೀಕನ ಪರವಾಗಿ ನಾಲ್ಕು ಮಾತಾಡಿ ಕೂರಬೇಕೆಂದು ಆರ್ಡಿಸ್ ಅಂದುಕೊಂಡಿದ್ದಳು.

ಅವಳಿಗಿಂತ ಮುಂಚೆ ಮಾತಾಡಿದವನು ಟ್ರ್ಯಾಕ್ಟರ್ ರಿಪೇರಿಯ ಗೇಲನ್. “ನನ್ನ ಇನ್ಶೂರೆನ್ಸ್ ಕಂತು ವರ್ಷ ವರ್ಷ ಏರ್ತಾನೇ ಇದೆ. ಮಂಡಿ ಆಪರೇಷನ್ ಮಾಡಿಸ್ಕೊಳ್ಳೋಕೂ ಆಗ್ದೆ ಕುಂಟ್ಕೊಂಡು ದುಡೀತೀನಿ. ಇನ್ನೊಬ್ಬರಿಗೆ ಎಲ್ಲ ಬಿಟ್ಟಿ! ನಿಯಮ ಸಡಿಲ ಮಾಡೋದಲ್ಲ ಮೇಡಂ, ಜರಡಿ ಹಿಡೀರಿ. ಕಾಳು ಯಾವ್ದು, ಜೊಳ್ಳು ಯಾವ್ದು ಗೊತ್ತಾಗ್ಲಿ,” ಎಂದು ಗುಡುಗಿ, ಅರ್ಧ ಜನರಿಂದ ಚಪ್ಪಾಳೆ ಗಿಟ್ಟಿಸಿ ಕೂತಿದ್ದ.

ಡೆನೀಸ್ ಎದ್ದು ನಿಂತಳು. “ಆರ್ಡಿಸ್, ಬೇಜಾರು ಮಾಡ್ಕೋಬೇಡಿ. ಕಿವಿಗೆ ಬಿದ್ದ ಮೇಲೆ ಕೇಳ್ದೇ ಇರೋ ಹಾಗಿಲ್ಲ ನಾನು. ನೀವು ವೆಂಡೆಲ್ ಹೆಂಡ್ತೀನಾ?”

ವೆಂಡೆಲ್ ಗೋಡೆಯ ಪಕ್ಕ ಗಾಲಿಕುರ್ಚಿಯಲ್ಲಿದ್ದ. ತೊಡೆಯ ಮೇಲೆ ಹಳದಿ ಕೌದಿ, ಮದುವೆಗೆಂದು ಲವೊನ್ ಮತ್ತು ಚರ್ಚಿನ ಇತರ ಹೆಂಗಸರು ಹೊಲಿದುಕೊಟ್ಟದ್ದು. ಅಂಚಿನಲ್ಲಿ ನೀಲಿ ದಾರದಲ್ಲಿ ಎರಡು ಹೆಸರು.

“ಅಲ್ಲ,” ಎಂದಳು ಆರ್ಡಿಸ್. “ಅವರ ಮಹಡಿ ಮೇಲೆ ಬಾಡಿಗೆಗಿದ್ದೀನಿ.”

“ಅಯ್ಯೋ, ಇದೇನಮ್ಮಾ!” ಗೇಲನ್ ಕೂತಲ್ಲಿಂದಲೇ ಕೂಗಿದ. “ಮತ್ತೆ ಅವತ್ತು ಇಲ್ಲೇ ಕೂತು ಎರಡು ತುಂಡು ಕೇಕ್ ತಿಂದೆನಲ್ಲ, ಅದು ಯಾರ ಮದುವೇದು?”

ಕಾಫಿ ಕೊಡುತ್ತಿದ್ದ ಲವೊನ್ ಕೆಟಲನ್ನು ಮೇಜಿನ ಮೇಲೆ ಕುಕ್ಕಿದಳು. “ಅದು ವೆಂಡೆಲ್ ಹುಟ್ಟುಹಬ್ಬ ಕಣೋ! ಕೇಕ್ ಕಂಡ್ರೆ ನಿನಗೆ ಬೇರೆ ಏನು ಕಾಣುತ್ತೆ?”

ನಾಲ್ಕೈದು ಜನ ಬೇಕೆಂದೇ ನಕ್ಕರು. ಗೇಲನ್ ವೆಂಡೆಲ್‌ನತ್ತ ನೋಡಿದ. ವೆಂಡೆಲ್ ಮಡಚಲಾಗದ ಬೆರಳುಗಳಿಂದ ಕೌದಿಯ ಅಂಚನ್ನು ಇಂಚಿಂಚಾಗಿ ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಗೇಲನ್ ಮಂಡಿ ಉಜ್ಜಿಕೊಂಡ.

“ಹೂಂ… ಹುಟ್ಟುಹಬ್ಬಾನೇ. ಮರೆತೇ ಹೋಗಿತ್ತು ನೋಡಿ,” ಎಂದ.

“ತಪ್ಪು ನಂದೇ,” ಎಂದರು ಪಾಸ್ಟರ್, ತಮ್ಮ ಬೂಟುಗಳನ್ನೇ ನೋಡುತ್ತ. “ಅವರು ಬಾಡಿಗೆಯವರು.”

ಊರಿಗೆ ಊರೇ ತನ್ನನ್ನು ಕಾಪಾಡಿತೆಂದು ಆರ್ಡಿಸ್‌ಗೆ ಗೊತ್ತಿತ್ತು. ಆದರೂ ಹರಸಿದ ಬಾಯಿಯಿಂದಲೇ ಆ ಮಾತು ಬಂದಿತ್ತು. ಶಾಸಕಿ “ಹೇಳಿ, ಹೇಳಿ” ಎಂದರು. ಅವಳು ಮುದುಡಿದ ಕಾಗದವನ್ನು ಜೇಬಿಗೆ ಹಾಕಿಕೊಂಡಳು. ವೆಂಡೆಲ್‌ನ ಪಕ್ಕದ ಖಾಲಿ ಕುರ್ಚಿಯನ್ನು ದಾಟಿ ಹಿಂದಿನ ಸಾಲಿಗೆ ಹೋಗಿ ಕೂತಳು.

ಹೊರಡುವಾಗ ಡೆನೀಸ್ ಬಾಗಿಲಲ್ಲಿ ತಡೆದಳು. “ಗುರುವಾರ ಹತ್ತು ಗಂಟೆಗೆ ಮನೆಗೆ ಬರ್ತೀನಿ. ಮಹಡಿ ರೂಮು ನೋಡ್ಬೇಕು.” ಕೋಟಿನ ಗುಂಡಿ ಹಾಕಿಕೊಳ್ಳುತ್ತ ದನಿ ತಗ್ಗಿಸಿದಳು. “ಇವತ್ತಿನ್ನೂ ಸೋಮವಾರ.”

ಮಂಗಳವಾರ ಆರ್ಡಿಸ್ ಕೆಲಸಕ್ಕೆ ರಜೆ ಹಾಕಿದಳು. ಮಹಡಿಯಲ್ಲಿದ್ದ ಡಬ್ಬಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿ ಮಡಚುವ ಮಂಚ ಹಾಕಿದಳು. ತನ್ನ ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ದಿಂಬು ಮೇಲೆ ಹೋದವು. ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬಳಿ ಕೌದಿ ಹರಡಿಕೊಂಡು, ಚಿಕ್ಕ ಕತ್ತರಿ ಹಿಡಿದು ಕೂತಳು.

“ಬಾಡಿಗೆ ಎಷ್ಟು ಕೊಡ್ತೀಯಮ್ಮಾ?” ಎಂದ ವೆಂಡೆಲ್.

“ಸುಮ್ನಿರು ಮಾರಾಯ.”

ಲವೊನ್‌ಳದು ಗಟ್ಟಿ ಹೊಲಿಗೆ. ತನ್ನ ಹೆಸರಿನ ಒಂದೊಂದು ಅಕ್ಷರ ಬಿಚ್ಚಲೂ ಹೊತ್ತು ಹಿಡಿಯಿತು. ಕೊನೆಯ ಎಳೆಯನ್ನೂ ಕಿತ್ತು, ಬಟ್ಟೆಯನ್ನು ಕೊಡವಿ, ಬೆಳಕಿಗೆ ಹಿಡಿದಳು.

ಮೂರು ವರ್ಷದ ಬಿಸಿಲಿಗೆ, ಒಗೆತಕ್ಕೆ ಸುತ್ತಲಿನ ಹಳದಿ ಮಾಸಿಹೋಗಿತ್ತು. ದಾರ ಇದ್ದ ಕಡೆ ಮಾತ್ರ ಬಟ್ಟೆ ಹೊಚ್ಚಹೊಸದಾಗಿತ್ತು. ಆರ್ಡಿಸ್ ಎಂಬ ಹೆಸರನ್ನು ಬಾಗಿಲಲ್ಲಿ ನಿಂತವರೂ ಓದಬಹುದಿತ್ತು.